ಹುಳಿ ಬಂದ ಮೇವು

ಹಸಿ ತೆನೆ ಮುರಿದುಕೊಂಡ ಮೇಲೆ ಹೊಲದ ತುಂಬ ಮುಸುಕಿನ ಜೋಳದ ದಂಟು ನಿಂತಿತ್ತು. ಇವತ್ತು ದನ ತಿಂದು ಮಿಗುವಷ್ಟು ಮೇವು. ಎರಡು ತಿಂಗಳು ಕಳೆದರೆ ಒಂದು ಎಸಳೂ ಸಿಗುವುದಿಲ್ಲ. ಪ್ರತಿ ವರ್ಷವೂ ಇದೇ ಪಾಡು.

"ರೀ, ಈ ಸಲ ಚೀಲಕ್ಕೆ ತುಂಬಿಟ್ಟು ಹುಳಿ ಬರಿಸೋಣ. ಪಶು ಡಾಕ್ಟ್ರಮ್ಮ ಬಂದು ಹೇಳಿಕೊಡ್ತಾರಂತೆ," ಎಂದಳು ಹೆಂಡತಿ.

ಗಂಡ ಕುಡುಗೋಲು ಕೆಳಗಿಟ್ಟ. "ಕೊಳೆಸಿ ತಿನ್ನಿಸೋಣ ಅಂತೀಯಾ? ಕೆಂದಿ ಸತ್ತಿದ್ದು ಮರೆತುಹೋಯ್ತಾ?"

ಅವಳು ಮರೆತಿರಲಿಲ್ಲ. ಹೋದ ವರ್ಷ ಇದೇ ದಂಟನ್ನು ರಾಶಿ ಹಾಕಿದ್ದರು. ಮಳೆ ನೀರು ಇಳಿದು ಒಳಗೆಲ್ಲ ಬೂಷ್ಟು ಹಿಡಿಯಿತು. ಅದನ್ನು ತಿಂದ ಕೆಂದಿ ಹಸು, ಎಂಟು ತಿಂಗಳ ಗಬ್ಬ, ಮೂರು ದಿನ ಒದ್ದಾಡಿ ಪ್ರಾಣ ಬಿಟ್ಟಿತು.

ಮಾರನೆಯ ದಿನ ಡಾಕ್ಟ್ರಮ್ಮ ಹೊಲಕ್ಕೇ ಬಂದರು. ಗಂಡ ಮುಖ ಬಿಗಿದುಕೊಂಡು ಬದುವಿನ ಮೇಲೆ ಕೂತಿದ್ದ.

"ನಿಮ್ಮ ಭಯ ಸುಳ್ಳಲ್ಲ ಅಣ್ಣ. ಆದ್ರೆ ಅವತ್ತು ದಂಟು ಕೊಳೆತಿದ್ದು ಗಾಳಿ, ನೀರು ಒಳಗೆ ಹೋಗಿದ್ದಕ್ಕೆ. ಗಾಳಿ ಸೋಕದ ಹಾಗೆ ಅದುಮಿಟ್ಟರೆ ಕಥೆನೇ ಬೇರೆ. ಕಣ್ಣಿಗೆ ಕಾಣದ ಒಳ್ಳೇ ಬ್ಯಾಕ್ಟೀರಿಯಾ ದಂಟಿನ ಮೇಲೇ ಇರ್ತವೆ. ದಂಟಿನ ಸಿಹಿಯನ್ನ ಅವು ಹುಳಿ ಮಾಡ್ತವೆ. ಹಾಲು ಮೊಸರಾದಾಗ ಬರುತ್ತಲ್ಲ, ಅದೇ ಹುಳಿ. ಲ್ಯಾಕ್ಟಿಕ್ ಆಮ್ಲ ಅಂತಾರೆ. ಆ ಹುಳಿ ಏರಿದ ಕಡೆ ಕೊಳೆಸೋ ಕ್ರಿಮಿಗಳ ಆಟ ನಡೆಯೋದಿಲ್ಲ."

"ಅದಕ್ಕೇನು ಔಷಧಿ ಹಾಕ್ಬೇಕು?" ಗಂಡ ಕೇಳಿದ.

"ಔಷಧಿ ಯಾಕೆ? ನಿಮ್ಮ ಕಾಲಿನ ಬಲ ಸಾಕು."

ದಂಟನ್ನು ಒಂದೊಂದು ಇಂಚಿಗೆ ಕತ್ತರಿಸಿದರು. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಬಾಡಿಸಿದರು. ದಪ್ಪ ಪ್ಲಾಸ್ಟಿಕ್ಕಿನ ನಾಲ್ಕು ಚೀಲಗಳಿಗೆ ತುಂಬಿ, ತುಳಿದು ತುಳಿದು ಗಾಳಿ ಹೊರಹಾಕಿ, ಬಾಯಿ ಬಿಗಿದು ಕಟ್ಟಿದರು. ಗಂಡ ಒಲ್ಲದ ಮನಸ್ಸಿನಿಂದಲೇ ತುಳಿದ.

ನಲವತ್ತೈದು ದಿನ ಕಳೆಯಿತು. ಮೊದಲ ಚೀಲ ಬಿಚ್ಚಿದರೆ ಹಳದಿ ಬೆರೆತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ. ಎರಡು, ಮೂರನೆಯವೂ ಹಾಗೇ ಇದ್ದವು. ನಾಲ್ಕನೆಯದನ್ನು ಮಾತ್ರ ಇಲಿ ಕಡಿದಿತ್ತು. ತೂತಿನ ಸುತ್ತ ಬೆಳ್ಳಗೆ ಬೂಷ್ಟು.

"ಮೇಲಿಂದು ಬಿಸಾಕಿ ಒಳಗಿಂದು ಹಾಕೋಣ್ವಾ?" ಎಂದಳು ಹೆಂಡತಿ.

"ಬೇಡ!" ಗಂಡ ಚೀಲದ ಒಂದು ತುದಿ ಹಿಡಿದ. "ಅವತ್ತೂ ಬೂಷ್ಟು ನನ್ನ ಕಣ್ಣಿಗೆ ಬಿದ್ದಿತ್ತು ಕಣೇ. ದಂಡ ಆಗುತ್ತಲ್ಲ ಅಂತ ಕೊಡವಿ ಹಾಕ್ಬಿಟ್ಟೆ. ಕೆಂದಿಗೆ ನಾನೇ ಹಾಕಿದ್ದು."

ಒಂದು ವರ್ಷ ಈ ಮಾತು ಅವನ ಎದೆಯೊಳಗೇ ಉಳಿದಿತ್ತು. ಹೆಂಡತಿ ಚೀಲದ ಇನ್ನೊಂದು ತುದಿ ಹಿಡಿದು ಎತ್ತಿದಳು. ಇಬ್ಬರೂ ಅದನ್ನು ದೂರ ಒಯ್ದು ಹೂತು ಬಂದರು.

ಆಮೇಲೆ ಅವನು ಒಳ್ಳೆಯ ಚೀಲದಿಂದ ಒಂದು ಬೊಗಸೆ ತೆಗೆದು ಮೂಸಿ, ಬಿಡಿಸಿ ನೋಡಿ, ಕೊಟ್ಟಿಗೆಯಲ್ಲಿದ್ದ ಇನ್ನೊಂದು ಹಸುವಿನ ಮುಂದೆ ಹಿಡಿದ. ಹಸು ಮೂತಿ ಹಿಂದೆ ಸರಿಸಿತು. ಮತ್ತೆ ಮೂಸಿತು. ತಿನ್ನತೊಡಗಿತು. ಅದು ತಿಂದು ಮುಗಿಸುವವರೆಗೂ ಅವನು ಕದಲಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಮಿಕ್ಕ ದಂಟಿಗೆ ಬೆಂಕಿ ಇಡಬೇಡಿ, ರಾಶಿ ಹಾಕಿ ಕೊಳೆಸಬೇಡಿ. ಕತ್ತರಿಸಿ, ಬಾಡಿಸಿ, ತುಳಿದು, ಗಾಳಿಯಾಡದಂತೆ ಕಟ್ಟಿಡಿ. ಹೊಸದಾಗಿ ಹಾಕುವಾಗ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಬೂಷ್ಟು ಕಂಡರೆ ಒಂದು ಹಿಡಿಯನ್ನೂ ಹಾಕಬೇಡಿ. ನೀವು ಮುಂದಿಟ್ಟದ್ದನ್ನು ಆ ಮೂಕ ಪ್ರಾಣಿ ನಂಬಿ ತಿನ್ನುತ್ತದೆ.