ಉಳಿದ ಆರು ಗಂಟೆ

ಊಟದ ಕೋಣೆಯಲ್ಲಿ ಅತ್ತೆಯ ತಟ್ಟೆ ಬೋರಲಾಗಿತ್ತು. ಮಗ ವಿಮಾನ ಹತ್ತಿದ ದಿನವೆಲ್ಲ ಅದು ಹಾಗೆಯೇ ಇರುತ್ತಿತ್ತು. ಅವನು ನೆಲ ಮುಟ್ಟಿದ ಮೇಲೆಯೇ ಅವರು ಅನ್ನ ಮುಟ್ಟುವುದು. ಅದು ಅವರ ವ್ರತ.

ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನನ್ನ ಗಂಡ ತಿರುಮಲೇಶ್ ಹಡಗಿನ ಎಂಜಿನ್ ರಿಪೇರಿಗೆಂದು ದೂರದ ಒಂದು ಬಂದರಿಗೆ ಆಗಾಗ ಹೋಗುತ್ತಿದ್ದರು. "ನಸುಕಿನಲ್ಲಿ ಹತ್ತಿದರೆ ಎಂಟು ಗಂಟೆ ಪ್ರಯಾಣ" ಎನ್ನುತ್ತಿದ್ದರು. ಅದರಂತೆ ಮಧ್ಯಾಹ್ನ ಫೋನು ಬರುತ್ತಿತ್ತು.

ನಾನು ಓದಿದ್ದು ಭೂಗೋಳ. ಮಾತು ಕಡಿಮೆ, ತೋಚಿದ್ದನ್ನು ಡೈರಿಗೆ ಹೇಳಿಕೊಳ್ಳುವವಳು. ಅವರು ಹೋದ ದಾರಿಯನ್ನು ಕಾಣುವ ಆಸೆಯಿಂದ ಒಮ್ಮೆ ಅಟ್ಲಾಸ್ ಬಿಡಿಸಿ, ಎರಡು ವಿಮಾನ ನಿಲ್ದಾಣಗಳ ನಡುವೆ ದಾರ ಎಳೆದು ಅಳೆದೆ. ಲೆಕ್ಕ ಕೂಡಲಿಲ್ಲ. ಅಷ್ಟು ದೂರಕ್ಕೆ ಹದಿನಾಲ್ಕು ಗಂಟೆಯಾದರೂ ಬೇಕು. ಎಂಟು ಗಂಟೆಯಲ್ಲಿ ಸಿಗುವುದು ನಡುದಾರಿಯ ಒಂದು ದೊಡ್ಡ ಊರು. 'ಅಲ್ಲಿ ಯಾರಿದ್ದಾರೆ?' ಎಂದು ಡೈರಿಯಲ್ಲಿ ಬರೆದು, ಬರೆದದ್ದಕ್ಕೇ ಹೆದರಿ ಮುಚ್ಚಿಟ್ಟೆ.

ಆಮೇಲೆ ಕಂಡದ್ದೆಲ್ಲ ಸಾಕ್ಷಿಯಾಯಿತು. ಅಂಗಿಯಲ್ಲಿ ಹೊಸ ಅತ್ತರಿನ ವಾಸನೆ. ಚೀಲದಲ್ಲಿ ಆ ನಡುವಿನ ಊರಿನ ಖರ್ಜೂರ.

ಮುಂದಿನ ಸಲ ಅವರು ಹೋದಾಗ ಮಧ್ಯಾಹ್ನದ ಫೋನನ್ನು ನಾನೇ ಎತ್ತಿಕೊಂಡೆ.

"ಇಳಿದೆ ಕಣೇ. ಅಮ್ಮಂಗೆ ಊಟ ಮಾಡೋಕೆ ಹೇಳು."

"ಯಾವ ಊರಲ್ಲಿ ಇಳಿದ್ರಿ?"

"ಇದೆಂಥ ಪ್ರಶ್ನೆ? ಅಮ್ಮಂಗೆ ಕೊಡು."

"ಹ್ಞೂಂ ಕಣಪ್ಪ, ಇಗೋ ಬಡಿಸ್ಕೊಂಡೆ" ಎನ್ನುತ್ತ ಅತ್ತೆ ಸೌಟನ್ನು ಪಾತ್ರೆಗೆ ತಾಗಿಸಿ ಸದ್ದು ಮಾಡಿದರು. ಫೋನಿಟ್ಟರು. ತಟ್ಟೆ ಬೋರಲಾಗಿಯೇ ಇತ್ತು.

ಇವರಿಗೂ ಗೊತ್ತಿದೆ. ಇಬ್ಬರೂ ಸೇರಿ ನನ್ನಿಂದ ಮುಚ್ಚಿಡುತ್ತಿದ್ದಾರೆ. ಕೋಣೆಗೆ ಹೋಗಿ ಸೂಟ್‌ಕೇಸಿಗೆ ಬಟ್ಟೆ ತುಂಬಿದೆ. ತವರಿಗೆ ಹೊರಡುವ ಮುಂಚೆ ಕೇಳಿಬಿಡಬೇಕೆಂದು ಅದನ್ನು ಹಿಡಿದೇ ಹೊರಗೆ ಬಂದೆ.

"ಅತ್ತೆ, ಅವರಿನ್ನೂ ಆ ಬಂದರಿಗೆ ತಲುಪಿಲ್ಲ. ಆ ನಡುವಿನ ಊರಲ್ಲಿ ಅವರಿಗೆ ಯಾರಿದ್ದಾರೆ?"

ಅತ್ತೆ ನನ್ನನ್ನೂ ಸೂಟ್‌ಕೇಸನ್ನೂ ನೋಡಿದರು. "ಯಾರಿರ್ತಾರೆ? ಇನ್ನೊಂದು ವಿಮಾನ ಇರುತ್ತೆ. ನಾನು ಬೇಗ ಉಣ್ಲಿ ಅಂತ, ಅದನ್ನ ಹತ್ತೋ ಮುಂಚೆನೇ ತಲುಪಿದೆ ಅಂತ ನಂಗೆ ಸುಳ್ಳು ಹೇಳ್ತಾನೆ. ಮೊದಲ್ನೇ ಸಲ ಅವನು ಹೋದಾಗ ಉಪವಾಸ ಕೂತು ತಲೆ ತಿರುಗಿ ಬಿದ್ದಿದ್ದೆ. ಸಕ್ಕರೆ ಕಾಯಿಲೆ ನೋಡು. ಈಗ ರಾಗಿ ಗಂಜಿ ಕುಡ್ಕೊಂಡು ಇರ್ತೀನಿ."

"ಸುಳ್ಳು ಅಂತ ನಿಮಗೆ ಹೇಗೆ ಗೊತ್ತು?"

"ಫೋನಲ್ಲಿ ಹಿಂದಿಂದ ಬೋರ್ಡಿಂಗ್ ಬೋರ್ಡಿಂಗ್ ಅಂತ ಕೂಗ್ತಿರ್ತಾರೆ. ಇಳಿದೋರನ್ನ ಯಾರು ಹತ್ತೋಕೆ ಕರೀತಾರೆ?"

"ನನಗ್ಯಾಕೆ ಯಾರೂ ಹೇಳಲಿಲ್ಲ?"

"ನಿನ್ನ ಮುಖದಲ್ಲಿ ಯಾವ ಗುಟ್ಟು ನಿಲ್ಲುತ್ತೆ? ಅವನಿಗೂ ಅದೇ ಭಯ, ನಂಗೂ ಅದೇ. ನಾನು ಉಂಡೆ ಅಂದ್ಕೊಂಡ್ರೆ ಅವನು ಮುಂದಿನ ದಾರಿಯಲ್ಲಿ ನಿದ್ದೆನಾದ್ರೂ ಮಾಡ್ತಾನೆ."

ನಂಬಲೋ ಬೇಡವೋ ತಿಳಿಯದೆ ನಿಂತೇ ಇದ್ದೆ. ಅತ್ತೆ ದನಿ ತಗ್ಗಿಸಿದರು. "ಓದಿದೋಳು ನೀನು. ಈಗ ಎಲ್ಲಿರ್ತಾನೆ ಹೇಳು."

"ಸಮುದ್ರದ ಮೇಲೆ."

"ನೆಲ ಯಾವಾಗ ಬರುತ್ತೆ?"

"ನಮ್ಮ ಗಡಿಯಾರದಲ್ಲಿ ಏಳಕ್ಕೆ."

"ಏಳಕ್ಕಾ? ಬಂದಷ್ಟೇ ದೂರ ಇನ್ನೂ ಇದೆ ಅಂತ ನಾನು ಒಂಬತ್ತರ ತನಕ ಕಾಯ್ತಿದ್ದೆನಲ್ಲೇ." ಅವರು ನಕ್ಕರು. ಅತ್ತರೂ ಖರ್ಜೂರವೂ ವಿಮಾನ ಬದಲಿಸುವ ನಿಲ್ದಾಣದ ಅಂಗಡಿಯವೇ ಇರಬೇಕು. ಆ ನಗು ಕೇಳಿದ ಮೇಲೆ ಸೂಟ್‌ಕೇಸ್ ಕೆಳಗಿಟ್ಟೆ.

ಏಳಕ್ಕೆ ಸಾರು ಬಿಸಿ ಮಾಡಿದೆ. "ನೀನೂ ಕೂತ್ಕೋ. ಬೆಳಗಿಂದ ಏನೂ ತಿಂದಿಲ್ಲ" ಎಂದರು ಅತ್ತೆ. ಹೌದು, ತಿಂದಿರಲಿಲ್ಲ, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಅವರು ಬಡಿಸಿದರು. ಅನ್ನದಿಂದ ಏಳುತ್ತಿದ್ದ ಹಬೆ ನಮ್ಮಿಬ್ಬರ ನಡುವೆ ಮೆಲ್ಲಗೆ ಕರಗಿತು.