ಮಾತ್ರೆ ಕೊಟ್ಟವಳು

ಕಾಗದನಗರದ ಕ್ವಾರ್ಟರ್ಸ್ ಸಾಲಿನವರೆಲ್ಲ ಕೇಳುವಂತೆ ವೀರೇಂದ್ರ ಹೆಂಡತಿಯನ್ನು ಕೊಲೆಗಾರ್ತಿ ಎಂದಿದ್ದ. ಅವನ ತಂದೆ ಹಿರಿಯಣ್ಣನ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ದಿನವೂ ಕೈಗಿಡುತ್ತಿದ್ದವಳು ಸೊಸೆ ಶಾಮಲಾ. ಒಂದು ಬೆಳಿಗ್ಗೆ ಮುದುಕ ರಕ್ತ ಕಾರಿಕೊಂಡು ಸತ್ತ. "ಜಾಸ್ತಿ ಮಾತ್ರೆ ನುಂಗಿಸಿ ನಮ್ಮಪ್ಪನ್ನ ಮುಗಿಸಿದ್ಲು" ಎಂದು ವೀರೇಂದ್ರ ಅವಳ ಬಟ್ಟೆಬರೆ ರಸ್ತೆಗೆಸೆದ.

ನಿಜ ತಿಳಿದದ್ದು ಆಮೇಲೆ. ಭದ್ರಾವತಿಯ ಡಾಕ್ಟರು ಮೊದಲೇ ತೆಗೆದಿಟ್ಟಿದ್ದ ಹಿರಿಯಣ್ಣನ ರಕ್ತದ ಪರೀಕ್ಷೆ ಮಾಡಿಸಿ ಅವಳನ್ನು ಕರೆಸಿದರು. "ಲಿವರ್‌ನಲ್ಲಿ ಒಂದು ಕಿಣ್ವ ಇರುತ್ತಮ್ಮ. ಕೊಬ್ಬನ್ನೂ ಕೆಲವು ಔಷಧಿಗಳನ್ನೂ ಒಡೆದುಹಾಕೋದು ಅದೇ. ನಿಮ್ಮ ಮಾವನವರಲ್ಲಿ ಅದಕ್ಕೆ ಶಕ್ತಿಯೇ ಇರಲಿಲ್ಲ. ಅವರಿಗೆ ಸರಿಯಾದ ಡೋಸೇ ವಿಷ ಆಯ್ತು. ಅವರ ಮಕ್ಕಳಲ್ಲೂ ಈ ದೋಷ ಇರಬಹುದು, ಹೇಳಿಬಿಡಿ."

ಅವಳು ಹೇಳಿದಳು. ವೀರೇಂದ್ರ ನಕ್ಕ. "ಡಾಕ್ಟ್ರಿಗೆ ಏನು ಮಂಕುಬೂದಿ ಎರಚಿದೆ?"

ಶಾಮಲಾ ಶಿವಮೊಗ್ಗಕ್ಕೆ ಬಂದು ಹೊಲಿಗೆ ಅಂಗಡಿ ಸೇರಿದಳು. ಆ ನಗು ಮಾತ್ರ ಎದೆಯಲ್ಲಿ ಕೆಂಡವಾಗಿ ಉಳಿಯಿತು.

ಈಚೆಗೆ ನಾದಿನಿ ವಿಮಲಾ ಅಳುತ್ತ ಫೋನ್ ಮಾಡಿದಳು. "ಅತ್ತಿಗೆ, ಅಣ್ಣಂಗೂ ಸ್ಟೆಂಟ್ ಹಾಕಿ ಅದೇ ಮಾತ್ರೆ ಕೊಟ್ರು. ಈಗ ಮೂಗಲ್ಲಿ ರಕ್ತ ನಿಲ್ತಾನೇ ಇಲ್ಲ. ಅಪ್ಪನ ಬಗ್ಗೆ ಏನೋ ಹೇಳಿದ್ರಲ್ಲ, ಶಿವಮೊಗ್ಗದ ಆಸ್ಪತ್ರೇಲೇ ಇದೀವಿ, ಬಂದು ಡಾಕ್ಟ್ರಿಗೆ ಹೇಳಿ."

ಶಾಮಲಾಗೆ ಕನಿಕರ ಹುಟ್ಟಲಿಲ್ಲ. ಒಳ್ಳೆಯ ಸೀರೆಯುಟ್ಟು ಆಸ್ಪತ್ರೆಗೆ ಹೋದಳು. ಮಂಚದ ಸುತ್ತ ಕಾಗದನಗರದ ಅದೇ ನೆರೆಯವರಿದ್ದರು. ವೀರೇಂದ್ರನ ಮೂಗಿಗೆ ತುರುಕಿದ ಬಟ್ಟೆ ಕೆಂಪಾಗಿತ್ತು.

"ಡಾಕ್ಟ್ರಿಗೆ ಹೇಳ್ತೀನಿ," ಎಂದಳು. "ಅದಕ್ಕೆ ಮುಂಚೆ ನೀವು ಇವರಿಗೆಲ್ಲ ಹೇಳಿ. ನಿಮ್ಮಪ್ಪನ್ನ ಕೊಂದಿದ್ದು ಯಾರು?"

"ಅತ್ತಿಗೆ, ಈಗ ಇದೆಲ್ಲಾ..." ವಿಮಲಾ ಕೈ ಹಿಡಿದಳು. ಶಾಮಲಾ ಕೊಡವಿಕೊಂಡಳು.

ವೀರೇಂದ್ರ ಕಣ್ಣು ಮುಚ್ಚಿದ. "ನೀನಲ್ಲ."

"ಕೇಳಿಸ್ಲಿಲ್ಲ."

"ಶಾಮಲಾ ಏನೂ ಮಾಡಿಲ್ಲ. ಸುಳ್ಳು ಹೇಳಿದ್ದು ನಾನು." ದನಿ ಒಡೆದು ಕೆಮ್ಮಿದ. ನೆರೆಯ ಹೆಂಗಸರು ತಲೆ ತಗ್ಗಿಸಿದರು. ಆ ತಗ್ಗಿದ ತಲೆಗಳನ್ನು ಶಾಮಲಾ ಕಣ್ತುಂಬ ನೋಡಿದಳು, ಆಮೇಲೆ ಡಾಕ್ಟರ ಕೋಣೆಗೆ ನಡೆದಳು. ಅವರು ಭದ್ರಾವತಿಗೆ ಫೋನ್ ಮಾಡಿ ವಿಚಾರಿಸಿ ಆ ಮಾತ್ರೆ ನಿಲ್ಲಿಸಿದರು, ಬೇರೆಯದು ಬರೆದರು. ಕ್ರಮೇಣ ರಕ್ತ ನಿಂತಿತು.

ವೀರೇಂದ್ರ ಚೇತರಿಸಿಕೊಂಡ ಮೇಲೆ ವಿಮಲಾ ಅಂಗಡಿಗೆ ಬಂದಳು. "ಅಣ್ಣ ಕರ್ಕೊಂಡು ಬಾ ಅಂದ. ಕ್ಷಮಿಸಿದ್ದೀರ ತಾನೆ?"

"ಇಲ್ಲ ಮಾರಾಯ್ತಿ. ಬದುಕಿಸಿದೀನಿ, ಅಷ್ಟೇ," ಎಂದು ಶಾಮಲಾ ಮುಂದಿನ ಗಿರಾಕಿಯ ಅಳತೆ ತೆಗೆಯಲು ಎದ್ದಳು.