ತಿರಸ್ಕರಿಸಲು ಜನ ಬೇಕು

ಮೈಸೂರಿನ ಚಾಮರಾಜರಿಗೆ ದುಬೈಯ ಅಲ್ ಮುರಕ್ಕಬಾತ್‌ನ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕೆಲಸ. ಎರಡು ಸಾವಿರದ ನಾಲ್ಕರಲ್ಲಿ ಮಗಳು ಹಿತಾ ಹನ್ನೆರಡನೇ ತರಗತಿ ಮುಗಿಸಿದಾಗ, ಮನೆಯಿಂದಲೇ ಹೋಗಿಬರುವಂಥ ಯೂನಿವರ್ಸಿಟಿ ಹುಡುಕತೊಡಗಿದರು. ಎಲ್ಲೋ ಓದಿದ್ದ ಒಂದು ಮಾತು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು: ಎಷ್ಟು ಕಡಿಮೆ ಜನರನ್ನು ಸೇರಿಸಿಕೊಳ್ಳುತ್ತದೋ ಅಷ್ಟು ದೊಡ್ಡ ಯೂನಿವರ್ಸಿಟಿ.

ಸೂಪರ್‌ಮಾರ್ಕೆಟ್ ಒಂದರ ಮೇಲ್ಮಹಡಿಯಲ್ಲಿ ನಾಲ್ಕು ವರ್ಷದ ಹಿಂದೆ ಯೂನಿವರ್ಸಿಟಿಯೊಂದು ತೆರೆದಿತ್ತು. ಅದರ ರಿಜಿಸ್ಟ್ರಾರ್ ಲಿಯೊನೆಲ್ ಮಂಗಳೂರಿನವರು. ಕನ್ನಡ ಕೇಳಿದ ಖುಷಿಗೆ ಚಹಾ ತರಿಸಿದರು.

"ನೂರು ಜನ ಬಂದ್ರೆ ಎಷ್ಟ್ ಜನಾನ ತಗೋತೀರ?" ಚಾಮರಾಜ ಕೇಳಿದರು.

"ಎಲ್ಲರನ್ನೂ ಸಾರ್! ವಾಪಸ್ ಕಳಿಸುವ ಕ್ರಮವೇ ಇಲ್ಲ ನಮ್ಮಲ್ಲಿ."

ಚಾಮರಾಜರ ಮುಖ ಬಾಡಿತು. "ಸೇರಿದೋರಲ್ಲಿ ಡಿಗ್ರಿ ಮುಗಿಸೋರು?"

"ಹಂಡ್ರೆಡ್ ಪರ್ಸೆಂಟ್!" ಲಿಯೊನೆಲ್ ರಿಸೆಪ್ಷನ್ ಕಡೆ ಕೈ ತೋರಿಸಿದರು. "ಅಗೊ, ಜೋಸ್ಫಿನ್."

ಈವರೆಗೆ ಅಲ್ಲಿ ಓದಿದ್ದು ಅವಳೊಬ್ಬಳೇ. ಡಿಗ್ರಿ ಮುಗಿಸಿ ಅಲ್ಲೇ ಫೋನ್ ಎತ್ತುವ ಕೆಲಸಕ್ಕೆ ಕೂತಿದ್ದಳು.

"ಬಂದೋರ್ನೆಲ್ಲ ಒಳಗ್ ಬಿಟ್ಕೊಳ್ಳೋಕೆ ಇದೂ ಏನ್ ಸ್ವಾಮಿ, ಕೆಳಗಿನ ಸೂಪರ್‌ಮಾರ್ಕೆಟ್ಟಾ?" ಎಂದು ಚಾಮರಾಜ ಎದ್ದು ಬಂದರು.

ಮುಂದಿನ ವಾರ ಲಿಯೊನೆಲ್ ಮನೆಗೇ ಬಂದರು. "ನೀವು ಹೇಳಿದ್ದು ನಮ್ಮ ಓನರಿಗೆ ತಾಗಿದೆ ಸಾರ್. ಇನ್ನು ನಾವೂ ತಿರಸ್ಕರಿಸ್ತೇವೆ. ಆದ್ರೆ ತಿರಸ್ಕರಿಸ್ಲಿಕ್ಕೆ ಜನ ಬೇಕಲ್ಲ? ನಿಮ್ಮ ಗುರ್ತದವರು ಇದ್ರೆ ಹೇಳಿ."

ಬೇಡಿಕೆ ನ್ಯಾಯವಾಗಿಯೇ ಕಂಡಿತು. ಕನ್ನಡಿಗರ ಪಿಕ್‌ನಿಕ್‌ನಲ್ಲಿ ಚಾಮರಾಜ ಒಬ್ಬೊಬ್ಬರನ್ನೂ ಹಿಡಿದು ಕೇಳಿಕೊಂಡರು. "ಒಂದು ಅರ್ಜಿ ಹಾಕಿ. ಸೀಟ್ ಖಂಡಿತ ಸಿಗಲ್ಲ, ಜವಾಬ್ದಾರಿ ನಂದು." ಆಫೀಸಿನವರು, ನೆರೆಯವರು, ಹೋಟೆಲ್ ನಡೆಸುವ ಉಡುಪಿಯ ಮೋಹನದಾಸ್, ಎಲ್ಲರೂ ಹಾಕಿದರು. ಚಾಮರಾಜ ತಾವೂ ಒಂದು ಹಾಕಿ, ಮದುವೆಯಾದಾಗ ಬಿ.ಕಾಂ. ಅರ್ಧಕ್ಕೆ ಬಿಟ್ಟಿದ್ದ ಹೆಂಡತಿ ಇಂದ್ರಾಣಿಯಿಂದಲೂ ಹಾಕಿಸಿದರು.

ತಿರಸ್ಕಾರದ ಸುದ್ದಿ ಬಂದಾಗ ಮಾತ್ರ, ಇದು ಮೊದಲೇ ಒಪ್ಪಿಕೊಂಡದ್ದೆಂದು ಯಾರಿಗೂ ನೆನಪಾಗಲಿಲ್ಲ.

"ನನಗೆ ಎಂತ ಕಡಿಮೆ ಉಂಟು ಮಾರಾಯ್ರೆ?" ಎಂದು ಮೋಹನದಾಸ್ ಕೂಗಾಡಿದರು. ಸಿಟ್ಟು ಇಳಿದ ಮೇಲೆ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಹೇಳತೊಡಗಿದರು: "ಅಲ್ಲಿ ಸೀಟು ಸಿಗುವುದು ಸುಲಭ ಅಲ್ಲ. ನನಗೇ ಸಿಗ್ಲಿಲ್ಲ!"

ಮಾತು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾ ಮುಟ್ಟಿತು. ತಿರಸ್ಕೃತರಾಗಲು ಜನ ಅಲ್ಲಿಂದ ಬಸ್ ಹಿಡಿದು ಬಂದರು.

ಹಿತಾಳಿಗೂ ಸೀಟು ಸಿಗಲಿಲ್ಲ. ಚಾಮರಾಜರ ಕಣ್ಣು ತುಂಬಿತು. ದುಃಖವೋ ಹೆಮ್ಮೆಯೋ ಅವರಿಗೇ ತಿಳಿಯಲಿಲ್ಲ. "ಎಂಥಾ ಯೂನಿವರ್ಸಿಟಿ! ನನ್ ಮಗಳನ್ನೇ ಬೇಡ ಅಂತು."

"ಸೀರಿಯಸ್ಲಿ, ಪಪ್ಪಾ?" ಎಂದ ಹಿತಾ, ಕೇಳಿದವರಿಗೆಲ್ಲ ಸೀಟು ಕೊಡುವ ಇನ್ನೊಂದು ಕಾಲೇಜಿಗೆ ತಾನೇ ಹೋಗಿ ಸೇರಿಕೊಂಡಳು.

ಒಬ್ಬರೂ ಇಲ್ಲದಿದ್ದರೆ ಯೂನಿವರ್ಸಿಟಿ ನಡೆಯುವುದು ಹೇಗೆ? ಲಿಯೊನೆಲ್ ಕಣ್ಣು ಮುಚ್ಚಿ ಒಂದು ಅರ್ಜಿ ಎತ್ತಿದರು. ಅದು ಇಂದ್ರಾಣಿಯದು.

"ಈ ವಯಸ್ಸಲ್ಲಿ ಕಾಲೇಜಾ? ನಾನ್ ಹೋಗಲ್ಲ ಕಣ್ರೀ," ಎಂದರು ಇಂದ್ರಾಣಿ.

"ನಂಗೂ ಸಿಗದೇ ಇರೋ ಸೀಟು ಅದು! ಯಲ್ಲಾ, ಹೊರಡು."

ಮೂವರು ಮೇಷ್ಟ್ರು, ಒಬ್ಬ ವಿದ್ಯಾರ್ಥಿನಿ. ಮೇಷ್ಟ್ರು ಕೇಳುವ ಪ್ರಶ್ನೆಗಳೆಲ್ಲ ಇಂದ್ರಾಣಿಗೇ. ಒಮ್ಮೆ ನೆಗಡಿಯೆಂದು ಮಲಗಿದರೆ ಲಿಯೊನೆಲ್ ಫ್ಲಾಸ್ಕಿನಲ್ಲಿ ಕಷಾಯ ಹಿಡಿದು ಓಡಿಬಂದರು. "ನೀವು ಬಿಟ್ರೆ ನಾವು ಖಲಾಸ್ ಮೇಡಂ! ಮುಗಿಸುವವರ ಪರ್ಸೆಂಟೇಜ್ ಸೊನ್ನೆ ಆಗ್ತದೆ." ತಂಗಿಯ ಮದುವೆಗೆ ಮೈಸೂರಿಗೆ ಹೋದಾಗ ಅಕೌಂಟ್ಸ್ ಮೇಷ್ಟ್ರೂ ಜೊತೆಗೆ ಬಂದು, ಛತ್ರದ ಊಟದ ಹಾಲ್‌ನಲ್ಲಿ ಎಲೆ ಹಾಕುವವರೆಗೂ ಪಾಠ ಮಾಡಿದರು. ನಾಚಿಕೆ ಕಳೆದು, ಅರ್ಧಕ್ಕೆ ನಿಂತಿದ್ದ ಓದು ಇಂದ್ರಾಣಿಗೆ ಮತ್ತೆ ರುಚಿಸತೊಡಗಿತು. ಬರಬರುತ್ತಾ ಮೇಷ್ಟ್ರ ತಪ್ಪುಗಳನ್ನೂ ತಿದ್ದಿದರು.

ಘಟಿಕೋತ್ಸವಕ್ಕೆ ತಿರಸ್ಕೃತರೆಲ್ಲರಿಗೂ ಆಹ್ವಾನ. ಮೋಹನದಾಸ್ ಸೂಟ್ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಗೌನ್ ತೊಟ್ಟವರು ಇಂದ್ರಾಣಿ ಒಬ್ಬರೇ. ಪದಕಗಳನ್ನೆಲ್ಲ ಅವರ ಕೊರಳಿಗೇ ಹಾಕಿದಾಗ, ಸೀಟು ಸಿಗದವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಇಂದ್ರಾಣಿ ಆಡಿಟ್ ಆಫೀಸೊಂದರಲ್ಲಿ ಇಂಟರ್‌ವ್ಯೂಗೆ ಹೋದರು. "ಕ್ಲಾಸಿಗೇ ಮೊದಲಾ?" ಎಂದು ಮ್ಯಾನೇಜರ್ ಕೇಳಿದರು. "ಹೌದು," ಎಂದರು ಇಂದ್ರಾಣಿ. ಕೆಲಸ ಸಿಕ್ಕಿತು.